ಹೂರಣ ಒಳಗೇ ಉಳಿಯುವ ಬಗೆ

ಹೋಳಿಗೆ ಮಾಡುವ ದಿನ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಯಾವ ಅಡುಗೆಮನೆಗೆ ಹೋದರೂ ನಡುವೆ ಒಮ್ಮೆಯಾದರೂ ಬೆಲ್ಲ ಹೊತ್ತಿದ ವಾಸನೆ ಬರುತ್ತದೆ. ಹಂಚಿನ ಮೇಲೆ ಎರಡು ಹೋಳಿಗೆ ಚಂದಾಗಿ ಬೆಂದು ಬುಟ್ಟಿ ಸೇರಿರುತ್ತವೆ. ಮೂರನೆಯದು ಒಂದು ಮಗ್ಗುಲಿಗೆ ಬಿರಿದು, ಹೂರಣ ಹೊರಗೆ ಇಣುಕಿ, ಹಂಚಿಗೆ ತಾಗಿದ್ದೇ ತಡ ನೊರೆಯೆದ್ದು ಕರ್ರಗಾಗುತ್ತದೆ. ಕಣಕ ಅದೇ, ಹೂರಣ ಅದೇ, ಲಟ್ಟಿಸಿದ ಕೈಯೂ ಅದೇ. ಬಿರಿಯದೆ ಉಳಿದ ಹೋಳಿಗೆಯನ್ನು ಮುರಿದು ನೋಡಿದರೆ ಒಳಗಿನ ಹೂರಣ ತುಂಬಿದಾಗ ಹೇಗಿತ್ತೋ ಹಾಗೇ ಹೊಂಬಣ್ಣದಲ್ಲಿರುತ್ತದೆ. ಒಂದೇ ಹಂಚು, ಅಷ್ಟೇ ಹೊತ್ತು; ಒಂದು ಹೂರಣ ಹೊನ್ನಾಗಿದೆ, ಇನ್ನೊಂದು ಇದ್ದಿಲಾಗಿದೆ.

"ಹೂರಣ ಸಡ್ಲ ಆಗಿತ್ತು" ಎಂದು ಹಿರಿಯರು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಸಡಿಲವಾದರೆ ಯಾಕೆ ಒಡೆಯಬೇಕು ಎಂದು ಚಿಕ್ಕಂದಿನಲ್ಲಿ ನಾನು ಕೇಳಿದ್ದೆ. ಉತ್ತರ ಸಿಕ್ಕಿರಲಿಲ್ಲ, ಒಡೆದ ಹೋಳಿಗೆ ತಿನ್ನಲು ಸಿಕ್ಕಿತ್ತು. ಅದೇ ಪ್ರಶ್ನೆ ಎಷ್ಟೋ ವರ್ಷಗಳ ಮೇಲೆ ಮತ್ತೆ ಎದ್ದು ಕೂತಿತು, ಅದೂ ಹೋಳಿಗೆಗೆ ಸಂಬಂಧವೇ ಇಲ್ಲದ ಒಂದು ತಿನಿಸಿನಿಂದ.

ಮನೆಗೆ ಸಣ್ಣದೊಂದು ವಿದ್ಯುತ್ ಓವನ್ ಬಂದ ಹೊಸತು. ಮಟನ್ ಖೀಮಾ ಮತ್ತು ಚೀಜ್ ತುಂಬಿದ ಬಿಸ್ಕೀಟು ಮಾಡೋಣ ಎಂದು ಮಕ್ಕಳು ಗಂಟುಬಿದ್ದರು. ಮೈದಾ ಕಲಸಿದೆ, ಖೀಮಾಕ್ಕೆ ಖಾರ ಮಸಾಲೆ ಬೆರೆಸಿದೆ, ಚೀಜ್ ತುರಿದು ಹಾಕಿದೆ, ಎಂಟು ಉಂಡೆ ಕಟ್ಟಿ ತಟ್ಟೆಯಲ್ಲಿಟ್ಟು ಒಳಗೆ ತಳ್ಳಿದೆ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಏಳು ಒಡೆದಿದ್ದವು. ಚೀಜ್ ಹರಿದು ತಗಡಿಗೆ ಅಂಟಿ ಕಪ್ಪು ಹಪ್ಪಳವಾಗಿತ್ತು, ಖೀಮಾದ ರಸ ಬಿಸ್ಕೀಟಿನ ಅಡಿಗೆ ಇಳಿದು ತಳವೆಲ್ಲ ಹಸಿಯಾಗಿತ್ತು. ದೊಡ್ಡವ್ವ ಬಂದು ತಟ್ಟೆಯನ್ನು ನೋಡಿದಳು. ಚೀಜ್ ಎಂಬ ಪದಾರ್ಥವನ್ನು ಆಕೆ ಬಾಯಿಗಿಟ್ಟವಳಲ್ಲ, ಓವನ್ನಿನ ಬಾಗಿಲು ತೆರೆದವಳೂ ಅಲ್ಲ. ಒಂದು ಒಡಕಿನಲ್ಲಿ ಬೆರಳಾಡಿಸಿ, "ಕಟ್ಟು ಬಸೀಲಾರದ ತುಂಬೀಯಲ್ಲ" ಎಂದಳು.

ಆಕೆ ಹೇಳಿದ್ದು ಬೇಳೆಯ ಭಾಷೆಯಲ್ಲಿ. ಆದರೆ ನನ್ನ ತಟ್ಟೆಯಲ್ಲಿ ಆದದ್ದು ನಿಖರವಾಗಿ ಅದೇ. ಯಾಕೆ ಎಂದು ಬಿಡಿಸಿ ನೋಡುವುದಕ್ಕೆ ಈ ಅಧ್ಯಾಯ.

ಯಾವ ಬಿಸ್ಕೀಟು?

ನಮ್ಮ ಊರುಗಳಲ್ಲಿ ಬಿಸ್ಕೀಟು ಅಂದರೆ ಚಹಾದಲ್ಲಿ ಅದ್ದಿ ತಿನ್ನುವ ಗರಿಗರಿ ಬಿಲ್ಲೆ. ಪದದ ಹಿಂದಿರುವ ಲ್ಯಾಟಿನ್ ಮೂಲಕ್ಕೆ 'ಎರಡು ಸಲ ಬೇಯಿಸಿದ್ದು' ಎಂಬ ಅರ್ಥ. ಆ ಲೆಕ್ಕದಲ್ಲಿ ನಿಜವಾದ ಬಿಸ್ಕೀಟು ಎಂದರೆ ಬೇಕರಿಯ ನಮ್ಮ ಟೋಸ್ಟು. ಬ್ರೆಡ್ಡಾಗಿ ಒಮ್ಮೆ ಬೆಂದು, ಹೋಳಾಗಿ ಮತ್ತೊಮ್ಮೆ ಒಣಗುವುದು ಅದೇ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಮಾತ್ರ ಬಿಸ್ಕೀಟು ಅಂದರೆ ಮೆತ್ತಗಿನ, ಪದರುಪದರಾಗಿ ಬಿಡಿಸಿಕೊಳ್ಳುವ, ಮಜ್ಜಿಗೆ ಮತ್ತು ಸೋಡಾದಿಂದ ಉಬ್ಬಿಸಿದ ದಪ್ಪ ರೊಟ್ಟಿ. ಮಾಂಸ ಮತ್ತು ಚೀಜ್ ತುಂಬುವುದು ಇದಕ್ಕೆ. ಹೊರಗೆ ಹಿಟ್ಟಿನ ಹೊದಿಕೆ, ಒಳಗೆ ಹೂರಣ, ಸುತ್ತ ಬಿಸಿ. ಕಡಬು, ಕರ್ಚಿಕಾಯಿ, ಹೋಳಿಗೆ ಮಾಡುವ ಸೀಮೆಯವರಿಗೆ ಇದರಲ್ಲಿ ಹೊಸದೇನೂ ಇಲ್ಲ.

ರೊಟ್ಟಿಯ ಹೊಟ್ಟೆ

ಹೂರಣ ಇರುವ ತಿನಿಸಿಗೆ ಹೋಗುವ ಮೊದಲು ಹೂರಣವೇ ಇಲ್ಲದ ಜೋಳದ ರೊಟ್ಟಿಯನ್ನು ನೋಡಬೇಕು. ಈ ಇಡೀ ಕತೆಯ ಒಳಗುಟ್ಟು ಅದರ ಹೊಟ್ಟೆಯಲ್ಲಿದೆ.

ಗೋಧಿ ಹಿಟ್ಟನ್ನು ನಾದಿದರೆ ರಬ್ಬರಿನ ಹಾಗೆ ಎಳೆಯಬಹುದು. ಜೋಳದ ಹಿಟ್ಟನ್ನು ತಣ್ಣೀರಲ್ಲಿ ಎಷ್ಟು ನಾದಿದರೂ ಮಣ್ಣಿನ ಹಾಗೆ ಬಿರಿಯುತ್ತದೆ. ಗೋಧಿಯಲ್ಲಿರುವ, ಎಳೆದರೆ ಹಿಗ್ಗುವ ಪ್ರೋಟೀನ್ ಬಲೆ ಜೋಳದಲ್ಲಿ ಇಲ್ಲ. ಜೋಳಕ್ಕೂ ಕಾಫಿರಿನ್ ಎಂಬ ತನ್ನದೇ ಪ್ರೋಟೀನ್ ಇದೆ. ಆದರೆ ಅದು ಸೂಕ್ಷ್ಮ ಮಣಿಗಳ ರೂಪದಲ್ಲಿ ಮುದುಡಿಕೊಂಡಿದ್ದು, ನೀರು ಕಂಡರೂ ಕೈಕೈ ಹಿಡಿಯುವುದಿಲ್ಲ. ಹಾಗಾದರೆ ಹಂಚಿನ ಮೇಲೆ ರೊಟ್ಟಿ ಹೊಟ್ಟೆ ಉಬ್ಬಿಸಿಕೊಂಡು ಕೂರುವುದು ಯಾವ ಬಲದಿಂದ?

ಒಲೆಯ ಮೇಲೆ ಎಸರು ಇಡುವುದು ಅದಕ್ಕೇ. ಜೋಳದ ಪಿಷ್ಟದ ಕಣಗಳು 70 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ನೀರು ಕುಡಿದು ಉಬ್ಬಿ ಅಂಟಾಗುತ್ತವೆ. ಕುದಿಯುವ ಎಸರು ಬಿದ್ದಾಗ ಹಿಟ್ಟಿನ ಒಂದು ಪಾಲು ಹೀಗೆ ಅಂಟಾಗಿ, ಉಳಿದ ಹಿಟ್ಟನ್ನು ಹಿಡಿದಿಡುತ್ತದೆ. ನಮ್ಮ ಹೆಣ್ಣುಮಕ್ಕಳು "ಹಿಟ್ಟಿಗೆ ಜಿಗಿ ಬಂತು" ಎನ್ನುವುದು ಈ ಅಂಟಿಗೆ. ಇನ್ನೂ ಸೂಕ್ಷ್ಮವಾದ ಕೆಲಸ ಮುಂದಿನದು. ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿದ ಕೂಡಲೇ ಮೇಲ್ಮೈಗೆ ಒದ್ದೆ ಬಟ್ಟೆಯಿಂದ ನೀರು ಸವರುತ್ತಾರೆ. ಹಿಟ್ಟು ಉದುರಲಿ ಎಂದು ಸವರುವುದು ಎಂದೇ ನಾನು ಬಹಳ ಕಾಲ ತಿಳಿದಿದ್ದೆ. ನಿಜವಾಗಿ ಆ ನೀರು ಮೇಲಿನ ಸಣ್ಣಸಣ್ಣ ಬಿರುಕುಗಳಲ್ಲಿ ಇಳಿದು, ಬಿಸಿಗೆ ಅಲ್ಲಿಯ ಪಿಷ್ಟವನ್ನು ಅಂಟಾಗಿಸಿ, ಒಂದು ಅಖಂಡ ತೊಗಲನ್ನು ಕಟ್ಟುತ್ತದೆ. ಕೆಳಮೈ ಹಂಚಿಗೆ ತಾಗಿ ತನ್ನ ತೊಗಲು ಕಟ್ಟಿಕೊಂಡಿರುತ್ತದೆ. ಮಗುಚಿ ಹಾಕಿ ಕೆಂಡದ ಮುಂದೆ ನಿಲ್ಲಿಸಿದಾಗ ಎರಡು ತೊಗಲುಗಳ ನಡುವೆ ಸಿಕ್ಕಿಬಿದ್ದ ನೀರು ಉಗಿಯಾಗುತ್ತದೆ, ಹೊರಹೋಗಲು ದಾರಿ ಕಾಣದೆ ಮೇಲಿನ ತೊಗಲನ್ನು ಎತ್ತುತ್ತದೆ.

ಅದೇ ಹಿಟ್ಟಿನಿಂದ ಖಡಕ್ ರೊಟ್ಟಿ ಮಾಡುವಾಗ ಬಟ್ಟೆಯ ಉಂಡೆಯಿಂದ ಒತ್ತಿ ಒತ್ತಿ, ಉಗಿ ಒಂದೆಡೆ ಸೇರದಂತೆ ನೋಡಿಕೊಳ್ಳುತ್ತಾರೆ. ಉಗಿ ಅಲ್ಲಲ್ಲೇ ಹೊರಬಿದ್ದು ರೊಟ್ಟಿ ಒಣಗಿ ತಿಂಗಳುಗಟ್ಟಲೆ ಉಳಿಯುತ್ತದೆ. ಉಪ್ಪಿನ ಬಿಸ್ಕೀಟಿನ ಮೈತುಂಬ ಚುಚ್ಚಿದ ತೂತುಗಳೂ ಒತ್ತುವ ಈ ಬಟ್ಟೆಯ ಕೆಲಸವನ್ನೇ ಮಾಡುತ್ತವೆ. ಅಂದರೆ ಉಬ್ಬುವುದು, ಉಬ್ಬದಿರುವುದು, ಒಡೆಯುವುದು ಇವೆಲ್ಲ ಉಗಿಗೆ ಯಾವ ದಾರಿ ಸಿಕ್ಕಿತು ಎಂಬುದರ ಫಲ.

ಒಂದು ಚಮಚ ನೀರು

ಉಗಿಯ ಬಲ ಎಷ್ಟು? ನೀರು ಉಗಿಯಾದಾಗ ಸುಮಾರು 1,700 ಪಟ್ಟು ಜಾಗ ಬೇಡುತ್ತದೆ. 5 ಮಿಲಿಲೀಟರಿನ ಒಂದು ಚಹಾ ಚಮಚ ನೀರು ಪೂರ್ತಿ ಉಗಿಯಾದರೆ 8 ಲೀಟರಿಗೂ ಹೆಚ್ಚು. ನೀರು ತರುವ ಒಂದು ಕೊಡ ಅರ್ಧಕ್ಕಿಂತ ಮೇಲೆ ತುಂಬುತ್ತದೆ.

ಇನ್ನೊಂದು ಸಂಗತಿಯನ್ನು ಇಲ್ಲೇ ಹೇಳಿಬಿಡಬೇಕು, ಹೊನ್ನು-ಇದ್ದಿಲಿನ ಒಗಟು ಬಿಡಿಸುವುದು ಅದೇ. ನಮ್ಮ ಈ ಸೀಮೆ ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 600ರಿಂದ 700 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 100 ಡಿಗ್ರಿಗಿಂತ ಸ್ವಲ್ಪ ಮೊದಲೇ, 98 ಡಿಗ್ರಿಯ ಹತ್ತಿರ ಕುದಿಯುತ್ತದೆ. ಕುದಿಯಲು ಶುರುವಾದ ಮೇಲೆ ಎಷ್ಟು ಉರಿ ಹಾಕಿದರೂ ನೀರಿನ ಬಿಸಿ ಮೇಲೇರುವುದಿಲ್ಲ, ಬಂದ ಉರಿಯೆಲ್ಲ ನೀರನ್ನು ಉಗಿಯಾಗಿಸಲು ಖರ್ಚಾಗುತ್ತದೆ. ಆ ಖರ್ಚು ದೊಡ್ಡದು. ಹಿಮದಷ್ಟು ತಣ್ಣಗಿನ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಬೇಕಾದ ಶಾಖದ ಐದು ಪಟ್ಟಿಗಿಂತ ಹೆಚ್ಚು ಶಾಖ ಅದನ್ನು ಪೂರ್ತಿ ಉಗಿಯಾಗಿಸಲು ಬೇಕು.

ಹೀಗಾಗಿ ಹೊದಿಕೆಯ ಒಳಗೆ ಒದ್ದೆ ಇರುವವರೆಗೂ ಹೂರಣದ ಬಿಸಿ 98ರ ಆಚೀಚೆಗೆ ನಿಂತುಬಿಡುತ್ತದೆ. ಹಂಚು 200 ದಾಟಿರಬಹುದು, ಓವನ್ 220 ಇರಬಹುದು. ಒಳಗಿನ ಬೆಲ್ಲಕ್ಕಾಗಲಿ ಚೀಜಿಗಾಗಲಿ ಅದು ತಿಳಿಯುವುದೇ ಇಲ್ಲ. ಕಣಕ ಬಿರಿದು ಹೂರಣ ಹೊರಬಂದ ಕ್ಷಣ ತೆಳ್ಳಗೆ ಹರಡಿ, ಇದ್ದ ನೀರನ್ನು ಕಳೆದುಕೊಂಡು, ಹಂಚಿನ ಪೂರ್ತಿ ಬಿಸಿಗೆ ಸಿಕ್ಕಿ ಕರಕಾಗುತ್ತದೆ. ಬಿರಿದ ಹೋಳಿಗೆಯ ಹೂರಣಕ್ಕೆ ಕಣಕದ ರಕ್ಷಣೆ ತಪ್ಪಿತ್ತು, ಅಷ್ಟೇ.

ಕಣಕದ ಬಲೆ

ಗೋಧಿಯ ಹಿಟ್ಟು ನೀರು ಕುಡಿದಾಗ ಅದರೊಳಗಿನ ಎರಡು ಬಗೆಯ ಪ್ರೋಟೀನುಗಳು ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗುತ್ತವೆ. ವಿಜ್ಞಾನದ ಪುಸ್ತಕಗಳಲ್ಲಿ ಇದಕ್ಕೆ ಗ್ಲುಟೆನ್ ಎಂಬ ಹೆಸರಿದೆ. ನಾನು ಇದನ್ನು ಜಿಗಿಬಲೆ ಎಂದು ಕರೆಯುತ್ತೇನೆ. ಒಂದು ಪ್ರೋಟೀನು ಬಲೆಗೆ ಹಿಗ್ಗುವ ಗುಣ ಕೊಡುತ್ತದೆ, ಇನ್ನೊಂದು ಮರಳಿ ಕುಗ್ಗುವ ಬಿಗಿ ಕೊಡುತ್ತದೆ. ನಾದಿದಷ್ಟೂ ಬಿಗಿ ಹೆಚ್ಚು. ನಾದಿ ಬಿಟ್ಟರೆ ಹೊತ್ತು ಕಳೆದಂತೆ ಬಿಗಿ ಇಳಿದು ಹಿಗ್ಗು ಉಳಿಯುತ್ತದೆ. ಹೋಳಿಗೆಯ ಕಣಕವನ್ನು ಚೆನ್ನಾಗಿ ನಾದಿ, ಎಣ್ಣೆಯಲ್ಲಿ ನೆನೆಯಬಿಟ್ಟು, ಗಂಟೆಗಟ್ಟಲೆ ತಡೆದು ಬಳಸುವುದು ಹಿಗ್ಗು ಬರಲಿ ಎಂದೇ. ಅಂಗೈಯಗಲದ ಕಣಕ ತನ್ನ ಎರಡರಷ್ಟು ಹೂರಣವನ್ನು ನುಂಗಿ, ಹಾಳೆಯಷ್ಟು ತೆಳುವಾಗಿಯೂ ಹರಿಯದೆ ಉಳಿಯುತ್ತದೆ.

ಎಲ್ಲ ಗೋಧಿಗೂ ಈ ಬಲ ಒಂದೇ ತೆರನಾಗಿಲ್ಲ. ನಮ್ಮ ಕಡೆಯ ಹಳೆಯ ಜವೆಗೋಧಿಯ ಜಿಗಿಬಲೆ ಬಡವಾದದ್ದು. ಹುಗ್ಗಿಗೆ, ಮಾದಲಿಗೆ ಅದರ ರುಚಿಯ ಮುಂದೆ ಬೇರೆ ಗೋಧಿ ನಿಲ್ಲುವುದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ, ಆದರೆ ಹಾಳೆಯಂಥ ಹೋಳಿಗೆಗೆ ಅದು ಒಗ್ಗದು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಡಿಡಿಕೆ 1025, ಡಿಡಿಕೆ 1029ರಂಥ ಗಿಡ್ಡ ತಳಿಗಳನ್ನು ಕೊಟ್ಟು ಈ ಗೋಧಿಯನ್ನು ಹೊಲದಲ್ಲಿ ಉಳಿಸಿದೆ.

ಬಿಸ್ಕೀಟಿನ ಹಿಟ್ಟಿಗೆ ಹೋಳಿಗೆಯದಕ್ಕಿಂತ ಉಲ್ಟಾ ದಾರಿ ಬೇಕು. ಅಲ್ಲಿ ಬಲೆ ಬಿಗಿಯಾದರೆ ತಿನಿಸು ಚರ್ಮದಂತಾಗುತ್ತದೆ. ಅದಕ್ಕೆ ತಣ್ಣನೆಯ ಬೆಣ್ಣೆಯನ್ನು ಶೇಂಗಾ ಬೀಜದಷ್ಟು ಚೂರು ಮಾಡಿ ಒಣ ಹಿಟ್ಟಿನಲ್ಲಿ ಮೊದಲು ತಿಕ್ಕುತ್ತಾರೆ. ಜಿಡ್ಡು ಮೆತ್ತಿಕೊಂಡ ಹಿಟ್ಟಿನ ಕಣಕ್ಕೆ ನೀರು ತಡವಾಗಿ ಮುಟ್ಟುತ್ತದೆ, ಬಲೆಯ ಎಳೆಗಳು ತುಂಡುತುಂಡಾಗಿಯೇ ಉಳಿಯುತ್ತವೆ. ಆಮೇಲೆ ಮಜ್ಜಿಗೆ ಸುರಿದು, ಕೂಡಿಕೊಂಡರೆ ಸಾಕು ಎಂಬಷ್ಟೇ ಕಲಸಿ, ಮಡಚಿ ತಟ್ಟಿ, ಮತ್ತೆ ಮಡಚಿ ತಟ್ಟಿ ನಿಲ್ಲಿಸುತ್ತಾರೆ. ಬೆಣ್ಣೆಯ ಚೂರುಗಳು ಚಪ್ಪಟೆಯಾಗಿ ಪದರುಗಳ ನಡುವೆ ಕೂರುತ್ತವೆ. ಓವನ್ನಿನಲ್ಲಿ 35 ಡಿಗ್ರಿಗೆಲ್ಲ ಬೆಣ್ಣೆ ಕರಗಿ ಹಿಟ್ಟಿಗೆ ಇಂಗುತ್ತದೆ, ಅದು ಕೂತಿದ್ದ ಜಾಗ ಖಾಲಿಯಾಗುತ್ತದೆ, ಬೆಣ್ಣೆಯಲ್ಲಿದ್ದ ನೀರು ಉಗಿಯಾಗಿ ಆ ಸೀಳುಗಳನ್ನು ಅಗಲಿಸುತ್ತದೆ. ಬೇಕರಿಯ ಖಾರಿ, ಪಫ್ಸುಗಳ ಪದರು ಏಳುವುದೂ ಹೀಗೆಯೇ.

ಇಲ್ಲಿ ಒಂದು ಎಚ್ಚರ. ತುಪ್ಪ ಹಾಕಿದರೆ ಇದು ಆಗುವುದಿಲ್ಲ. ಅಂಗಡಿಯ ಬೆಣ್ಣೆಯಲ್ಲಿ ನೂರರಲ್ಲಿ ಸುಮಾರು 16 ಪಾಲು ನೀರಿರುತ್ತದೆ, ಮನೆಯಲ್ಲಿ ಕಡೆದ ಬೆಣ್ಣೆಯಲ್ಲಿ ಇನ್ನೂ ಹೆಚ್ಚು. ಕಾಸಿದ ತುಪ್ಪದಲ್ಲಿ ನೀರು ಇಲ್ಲವೆನ್ನುವಷ್ಟು ಕಡಿಮೆ. ತುಪ್ಪದ ಹಿಟ್ಟು ಹುಡಿಹುಡಿಯಾಗಿ ಬಾಯಲ್ಲಿ ಕರಗುತ್ತದೆ, ಪದರು ಬಿಡುವುದಿಲ್ಲ. ಇನ್ನು ನಮ್ಮ ಏಪ್ರಿಲ್ ತಿಂಗಳ ಮಧ್ಯಾಹ್ನದಲ್ಲಿ ಬೆಣ್ಣೆ ಬಟ್ಟಲಲ್ಲೇ ಕರಗಿ ನಿಲ್ಲುತ್ತದೆ. ಬೇಸಿಗೆಯಲ್ಲಿ ಹಿಟ್ಟನ್ನೂ ಬಟ್ಟಲನ್ನೂ ಫ್ರಿಜ್ಜಿನಲ್ಲಿ ತಣಿಸಿಕೊಂಡು, ಬೆಳಿಗ್ಗೆ ಬೇಗನೆ ಕಲಸಬೇಕು.

ಹುಳಿ ಮಜ್ಜಿಗೆಯ ಕೆಲಸ

ಅಡುಗೆ ಸೋಡಾ ಹುಳಿಯನ್ನು ಕೂಡಿದ ಕೂಡಲೇ ಇಂಗಾಲದ ಡೈಆಕ್ಸೈಡ್ ಅನಿಲ ಬಿಡುತ್ತದೆ. ಹಿಟ್ಟಿನೊಳಗೆ ಸಣ್ಣ ಸಣ್ಣ ಗುಳ್ಳೆ ಏಳುವುದು ಇದರಿಂದ. ಹುಳಿಯಿಲ್ಲದೆ ಬರೀ ಬಿಸಿಗೆ ಸಿಕ್ಕರೂ ಸೋಡಾ ಅನಿಲ ಬಿಡುತ್ತದೆ, ಆದರೆ ಹಿಂದೆ ಉಳಿಯುವುದು ಬಟ್ಟೆ ಒಗೆಯುವ ಸೋಡಾ. ಬಾಯಿಗೆ ಸಾಬೂನಿನ ರುಚಿ ಬರುವುದು ಆಗ. ಆದ್ದರಿಂದ ಎರಡು ದಿನದ ಹುಳಿ ಮಜ್ಜಿಗೆಯೇ ಇದಕ್ಕೆ ಮೇಲು. ಹುಳಿಯನ್ನೂ ಸೋಡಾವನ್ನೂ ಒಣಪುಡಿಯಾಗಿ ಒಂದೇ ಡಬ್ಬಿಯಲ್ಲಿ ಸೇರಿಸಿ 1843ರಲ್ಲಿ ಬೇಕಿಂಗ್ ಪುಡಿ ಮಾಡಿದವನು ಇಂಗ್ಲೆಂಡಿನ ಆಲ್ಫ್ರೆಡ್ ಬರ್ಡ್. ಹೆಂಡತಿಗೆ ಯೀಸ್ಟ್ ಒಗ್ಗುತ್ತಿರಲಿಲ್ಲ ಎಂಬುದು ಅವನ ಪ್ರಯತ್ನಕ್ಕೆ ಕಾರಣ. ಗುಳ್ಳೆ ಏಳುವುದು ಕಲಸಿದ ಕ್ಷಣದಿಂದಲೇ ಆದ್ದರಿಂದ, ಮಜ್ಜಿಗೆ ಹಾಕಿದ ಮೇಲೆ ತಡಮಾಡುವ ಹಾಗಿಲ್ಲ. ಹೂರಣ ಮೊದಲೇ ಸಿದ್ಧವಿರಬೇಕು.

ಕಟ್ಟು ಬಸಿಯುವುದು

ಈಗ ದೊಡ್ಡವ್ವನ ಮಾತಿಗೆ ಬರೋಣ.

ಭಾರತ ಹುಣ್ಣಿಮೆಗೆ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಬರುವ ಜನ ಬಂಡಿಯ ಮಗ್ಗುಲಲ್ಲೇ ಮೂರು ಕಲ್ಲಿನ ಒಲೆ ಹೂಡಿ ಹೋಳಿಗೆ, ಕಡಬು ಮಾಡಿ ದೇವಿಗೆ ಎಡೆಯಾಗಿ ಪರಡಿ ತುಂಬುತ್ತಾರೆ. ಗಾಳಿಗೆ ಉರಿ ಒಂದೇ ಸಮ ನಿಲ್ಲದ ಬಯಲು. ಅಂಥಲ್ಲೂ ಕಡಬು ಒಡೆಯದೆ ಬರುತ್ತದೆ ಎಂದರೆ ಕೆಲಸ ಒಲೆಯ ಮುಂಚೆಯೇ ಮುಗಿದಿದೆ ಎಂದರ್ಥ. ಕಡಲೆಬೇಳೆ ಬೆಂದ ಮೇಲೆ ಅದರ ನೀರನ್ನು, ಅಂದರೆ ಕಟ್ಟನ್ನು, ಪೂರ್ತಿ ಬಸಿದು ತೆಗೆಯುತ್ತಾರೆ. ಅದು ಕಟ್ಟಿನ ಸಾರಿಗೆ ಹೋಗುತ್ತದೆ. ಬಸಿದ ಬೇಳೆಗೆ ಬೆಲ್ಲ ಹಾಕಿದರೆ ಮತ್ತೆ ನೀರಾಗುತ್ತದೆ. ಮತ್ತೆ ಒಲೆಗಿಟ್ಟು, ಸೌಟು ನೆಟ್ಟಗೆ ನಿಲ್ಲುವವರೆಗೆ ಮಗುಚುತ್ತಾರೆ. ಆಮೇಲೆ ರುಬ್ಬುವುದು, ಅದಾದ ಮೇಲೆ ಆರಿಸುವುದು.

ಇಷ್ಟೆಲ್ಲ ಮಾಡಿದರೂ ಹೂರಣ ಒಣಗಿಲ್ಲ, ಮುಟ್ಟಿದರೆ ಮೆತ್ತಗಿದೆ. ಅದರಲ್ಲಿ ನೀರು ಇದೆ, ಆದರೆ ಓಡಾಡುವ ನೀರಲ್ಲ. ಬೇಳೆಯ ಪಿಷ್ಟವೂ ಬೆಲ್ಲದ ಸಕ್ಕರೆಯೂ ಅದನ್ನು ಬಿಗಿಯಾಗಿ ಹಿಡಿದುಕೊಂಡಿವೆ. ಆಹಾರದಲ್ಲಿರುವ ನೀರನ್ನು ಹೀಗೆ ಎರಡಾಗಿ ನೋಡುವುದು ಬಹಳ ಉಪಯುಕ್ತ: ಹಿಂಡಿದರೆ ಸುರಿಯುವ ಬಿಡಿನೀರು, ಹಿಂಡಿದರೂ ಬಿಡದ ಹಿಡಿನೀರು. ಹೊದಿಕೆಯನ್ನು ಒಡೆಯುವುದು ಬಿಡಿನೀರು. ಅದು ಅಂಚಿನ ಬೆಸುಗೆಗೆ ಇಳಿದು ಹಿಟ್ಟನ್ನು ಮೆತ್ತಗೆ ಮಾಡುತ್ತದೆ, ಬೇಗ ಉಗಿಯಾಗುತ್ತದೆ, ಮೆತ್ತಗಾದ ಕಡೆಯೇ ತಳ್ಳಿಕೊಂಡು ಹೊರಬರುತ್ತದೆ. ಶೇಂಗಾ ಹೋಳಿಗೆ ಹೊಸದಾಗಿ ಕಲಿಯುವವರ ಕೈಯಲ್ಲೂ ಒಡೆಯುವುದು ಅಪರೂಪ. ಹುರಿದ ಶೇಂಗಾ ಪುಡಿ ಮತ್ತು ಬೆಲ್ಲದಲ್ಲಿ ಬಿಡಿನೀರೇ ಇಲ್ಲವಲ್ಲ.

ಮಾಂಸದ ಕಡೆ ತಿರುಗಿ. ಕೊಬ್ಬಿಲ್ಲದ ಹಸಿ ಮಾಂಸದಲ್ಲಿ ನಾಲ್ಕರಲ್ಲಿ ಮೂರು ಪಾಲು ನೀರೇ. ಹಸಿಯಿದ್ದಾಗ ಅದು ಹೆಚ್ಚೂಕಡಿಮೆ ಹಿಡಿನೀರು. ಸ್ನಾಯುವಿನ ಪ್ರೋಟೀನ್ ಎಳೆಗಳ ಸಂದುಗಳಲ್ಲಿ ಕೂತಿರುತ್ತದೆ. ಬಿಸಿ 50 ಡಿಗ್ರಿ ದಾಟುತ್ತಿದ್ದಂತೆ ಎಳೆಗಳು ಮುದುಡತೊಡಗುತ್ತವೆ. 60-65ರ ಸುಮಾರಿಗೆ ಎಳೆಗಳನ್ನು ಸುತ್ತಿರುವ ಕೊಲಾಜನ್ ಎಂಬ ಕಟ್ಟುನಾರು ಬಲವಾಗಿ ಕುಗ್ಗಿ, ಒದ್ದೆ ಬಟ್ಟೆ ಹಿಂಡಿದ ಹಾಗೆ ಮಾಂಸವನ್ನು ಹಿಂಡುತ್ತದೆ. ಹಿಡಿನೀರು ಒಮ್ಮೆಗೇ ಬಿಡಿನೀರಾಗುವ ಗಳಿಗೆ ಇದು. ಖೀಮಾ ಬಾಣಲೆಯಲ್ಲಿ ಹಾಕಿದ ಸ್ವಲ್ಪ ಹೊತ್ತಿಗೆ ಇದ್ದಕ್ಕಿದ್ದಂತೆ ಸಾರಿನಲ್ಲಿ ತೇಲುವುದನ್ನು ಎಲ್ಲರೂ ಕಂಡಿದ್ದೇವೆ.

ನನ್ನ ಏಳು ಬಿಸ್ಕೀಟುಗಳ ಲೆಕ್ಕ ಹಾಕಿದೆ. ಕಾಲು ಕಿಲೋ ಹಸಿ ಖೀಮಾ ಬೇಯುವಾಗ ತೂಕದ ಕಾಲುಭಾಗ, ಸುಮಾರು 60 ಗ್ರಾಂ ರಸ ಬಿಡುತ್ತದೆ. ಎಂಟಕ್ಕೆ ಹಂಚಿದರೆ ಒಂದೊಂದರ ಹೊಟ್ಟೆಯಲ್ಲಿ ಒಂದೂವರೆ ಚಮಚ ಬಿಡಿನೀರು. ಅದೆಲ್ಲ ಉಗಿಯಾದರೆ 12 ಲೀಟರಿಗೂ ಹೆಚ್ಚು. ಎಲ್ಲವೂ ಉಗಿಯಾಗುವುದಿಲ್ಲ ನಿಜ, ನೂರರಲ್ಲಿ ಒಂದು ಪಾಲು ಆದರೂ ನಿಂಬೆಹಣ್ಣಿನ ಗಾತ್ರದ ಉಂಡೆಯನ್ನು ಸೀಳಲು ಸಾಕು.

ಆದ್ದರಿಂದ ಖೀಮಾದ ಕಟ್ಟನ್ನೂ ಮೊದಲೇ ಬಸಿಯಬೇಕು. ಈರುಳ್ಳಿ, ಬೆಳ್ಳುಳ್ಳಿ, ಬ್ಯಾಡಗಿ ಮೆಣಸಿನ ಪುಡಿಯೊಂದಿಗೆ ಅಗಲವಾದ ಬಾಣಲೆಯಲ್ಲಿ ಖೀಮಾವನ್ನು ಪೂರ್ತಿ ಬೇಯಿಸಿ, ಬಿಟ್ಟ ರಸವೆಲ್ಲ ಅಲ್ಲೇ ಇಂಗಿ, ಗುಳುಗುಳು ಸದ್ದು ನಿಂತು ಚರಚರ ಸದ್ದು ಶುರುವಾಗುವವರೆಗೆ ಹುರಿಯುವುದು. ಕಿವಿಯನ್ನು ನಂಬಬೇಕು ಇಲ್ಲಿ: ಗುಳುಗುಳು ನೀರಿನ ಸದ್ದು, ಚರಚರ ಜಿಡ್ಡಿನ ಸದ್ದು. ಕೊನೆಗೆ ಎರಡು ಚಮಚ ಪುಟಾಣಿ ಹಿಟ್ಟು ಉದುರಿಸಿದರೆ ಉಳಿದ ಚೂರುಪಾರು ಬಿಡಿನೀರನ್ನೂ ಅದು ಹೀರಿ ಹಿಡಿನೀರಾಗಿಸುತ್ತದೆ. ಹೂರಣದಲ್ಲಿ ಬೇಳೆ ಮಾಡುವ ಕೆಲಸ ಇಲ್ಲಿ ಪುಟಾಣಿಯದು. ಬಾಣಲೆಯಲ್ಲೇ ಪೂರ್ತಿ ಬೇಯಿಸುವುದಕ್ಕೆ ಆರೋಗ್ಯದ ಕಾರಣವೂ ಇದೆ. ಹಿಟ್ಟಿನ ದಪ್ಪ ಹೊದಿಕೆಯ ನಡುವಿನ ಹಸಿ ಮಾಂಸ ಸರಿಯಾಗಿ ಬೆಂದಿದೆಯೇ ಎಂದು ಹೊರಗಿನಿಂದ ತಿಳಿಯಲು ದಾರಿಯಿಲ್ಲ.

ಕರಗುವ ಹಾಲು, ಕರಗದ ಹಾಲು

ಹಾಲನ್ನು ಗಟ್ಟಿಯಾಗಿಸುವ ಎಷ್ಟೋ ಬಗೆ ನಮಗೆ ಗೊತ್ತು. ಆಕಳು ಈದಾಗಿನ ಮೊದಲ ಹಾಲಿನ ಗಿಣ್ಣ ಬಿಸಿಗೆ ಗಟ್ಟಿಯಾಗುತ್ತದೆ, ಮತ್ತೆ ಬಿಸಿ ಮಾಡಿದರೆ ಕರಗುವುದಿಲ್ಲ. ಬಿಸಿ ಹಾಲಿಗೆ ಹುಳಿ ಹಿಂಡಿ ಮಾಡಿದ ಪನೀರೂ ಕರಗದು. ಚೀಜ್ ಕರಗುತ್ತದೆ. ಯಾಕೆ?

ಚೀಜಿನಲ್ಲಿ ಹಾಲಿನ ಕೇಸಿನ್ ಎಂಬ ಪ್ರೋಟೀನ್ ಕಣಗಳು ಬಲೆಯಾಗಿ ಹೆಣೆದು, ಜಿಡ್ಡನ್ನೂ ನೀರನ್ನೂ ಹಿಡಿದಿರುತ್ತವೆ. ಆ ಕಣಗಳ ನಡುವಿನ ಬೆಸುಗೆ ಕ್ಯಾಲ್ಸಿಯಮ್ ಅಂದರೆ ಸುಣ್ಣದ ಅಂಶ. ಬಿಸಿಗೆ ಮೊದಲು ಜಿಡ್ಡು ಕರಗುತ್ತದೆ, 60ರ ಆಸುಪಾಸಿನಲ್ಲಿ ಬಲೆಯ ಬೆಸುಗೆ ಸಡಿಲವಾಗಿ ಇಡೀ ಗಡ್ಡೆ ಹರಿಯುತ್ತದೆ. ಪನೀರಿನಲ್ಲಿ ಹುಳಿ ಆ ಸುಣ್ಣವನ್ನು ಮೊದಲೇ ಕರಗಿಸಿಬಿಟ್ಟಿದೆ, ಕೇಸಿನ್ ಕಣಗಳು ಬೇರೆ ಪ್ರೋಟೀನುಗಳನ್ನೂ ಸೇರಿಸಿಕೊಂಡು ಒಂದಕ್ಕೊಂದು ಬಿಡಿಸಲಾರದಂತೆ ಅಂಟಿವೆ. ಬಿಸಿ ಹೆಚ್ಚಿದಷ್ಟೂ ಇನ್ನಷ್ಟು ಬಿಗಿಯಾಗುತ್ತವೆ.

ನಮ್ಮ ಅಂಗಡಿಗಳಲ್ಲಿ ಸಿಗುವ ಅಮುಲ್ ಚೀಜಿನ ಚೌಕಗಳು ಸಂಸ್ಕರಿಸಿದ ಚೀಜ್. 1911ರಲ್ಲಿ ಸ್ವಿಟ್ಜರ್ಲೆಂಡಿನ ವಾಲ್ಟರ್ ಗೆರ್ಬರ್ ಮತ್ತು ಫ್ರಿಟ್ಜ್ ಸ್ಟೆಟ್ಲರ್ ಚೀಜನ್ನು ಸಿಟ್ರೇಟ್ ಲವಣದೊಂದಿಗೆ ಕಾಸಿ ಇದನ್ನು ಮೊದಲು ಮಾಡಿದರು; ಅಮೆರಿಕದ ಜೇಮ್ಸ್ ಕ್ರಾಫ್ಟ್ 1916ರಲ್ಲಿ ತನ್ನ ವಿಧಾನಕ್ಕೆ ಪೇಟೆಂಟ್ ಪಡೆದ. ಲವಣ ಸುಣ್ಣದ ಜಾಗಕ್ಕೆ ಸೋಡಿಯಮ್ಮನ್ನು ತಂದು ಕೂರಿಸುತ್ತದೆ. ಆಗ ಕೇಸಿನ್ ಎಳೆಗಳು ಬಿಡಿಸಿಕೊಂಡು ಜಿಡ್ಡಿನ ಹನಿಗಳನ್ನು ಸುತ್ತಿ ಹಿಡಿಯುತ್ತವೆ. ಕಾಸಿದರೆ ಎಣ್ಣೆ ಬೇರೆ, ಗಷ್ಟು ಬೇರೆ ಆಗುವುದಿಲ್ಲ. ತುಂಬುವುದಕ್ಕೆ ಇದು ನಂಬಿಕಸ್ಥ. ಮೊಜರೆಲ್ಲಾ ಎಳೆಯೆಳೆಯಾಗಿ ಬರುತ್ತದೆ, ಆದರೆ ನೀರು ಜಾಸ್ತಿ. ಹಾಕುವುದಾದರೆ ಬಟ್ಟೆಯಲ್ಲಿ ಒತ್ತಿ ಹಾಕಬೇಕು.

ನನ್ನ ಮೊದಲ ತಪ್ಪಿನ ಅರ್ಧ ಖೀಮಾದ್ದು, ಉಳಿದರ್ಧ ಚೀಜನ್ನು ತುರಿದದ್ದು. ತುರಿ ಅಂಚಿನವರೆಗೂ ಹರಡಿತ್ತು, ಬೇಗ ಕರಗಿತು, ಬೆಸುಗೆಯಲ್ಲೇ ಜಿಡ್ಡು ಸೇರಿತು. ಹೋಳು ಮಾಡಿ, ಫ್ರೀಜರಿನಲ್ಲಿ ಗಟ್ಟಿ ಮಾಡಿ, ಸುತ್ತ ಖೀಮಾ ಮೆತ್ತಿ ನಟ್ಟನಡುವೆ ಇಟ್ಟರೆ ಚೀಜ್ ಕರಗುವ ಹೊತ್ತು ಮುಂದಕ್ಕೆ ಹೋಗುತ್ತದೆ. ಆ ಹೊತ್ತನ್ನು ಯಾಕೆ ಮುಂದೂಡಬೇಕು ಎಂಬುದೇ ಕೊನೆಯ ಗಂಟು.

ಕೋಣೆಗಳ ಗೋಡೆ ಒಡೆಯುವ ಹೊತ್ತು

ಹಸಿ ಹಿಟ್ಟಿನೊಳಗಿನ ಗುಳ್ಳೆಗಳು ಬಾಗಿಲಿಲ್ಲದ ಕೋಣೆಗಳು. ಒಂದರ ಗಾಳಿ ಇನ್ನೊಂದಕ್ಕೆ ಹೋಗದು. ಬಿಸಿಯೇರಿದಂತೆ ಪ್ರತಿ ಕೋಣೆಯೂ ಉಬ್ಬುತ್ತದೆ, ಹಿಟ್ಟು ಎದ್ದು ನಿಲ್ಲುತ್ತದೆ. ಈ ಹಂತದಲ್ಲಿ ಒಳಗಿನಿಂದ ಹೂರಣದ ಉಗಿಯೂ ಒತ್ತಿದರೆ ಅದಕ್ಕೆ ಹೋಗಲು ದಾರಿಯಿಲ್ಲ. ಎಲ್ಲಿ ಬಲಹೀನವೋ ಅಲ್ಲಿ, ಅಂದರೆ ಅಂಚಿನ ಬೆಸುಗೆಯಲ್ಲಿ, ಹಿಟ್ಟು ಸೀಳುತ್ತದೆ.

65ರಿಂದ 80 ಡಿಗ್ರಿಯ ನಡುವೆ ಎಲ್ಲ ಬದಲಾಗುತ್ತದೆ. ಪಿಷ್ಟ ನೀರು ಕುಡಿದು ಬಿರುಸಾಗುತ್ತದೆ, ಜಿಗಿಬಲೆ ಮೊಟ್ಟೆಯ ಬಿಳಿಯಂತೆ ಗಟ್ಟಿಗಟ್ಟುತ್ತದೆ. ಇನ್ನು ಹಿಗ್ಗಲಾರದ ಕೋಣೆಗಳ ತೆಳುಗೋಡೆಗಳು ಅಲ್ಲಲ್ಲಿ ಪಟಪಟ ಒಡೆದು, ಕೋಣೆಗಳೆಲ್ಲ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ನೊರೆಯಂತಿದ್ದ ಹಿಟ್ಟು ಸ್ಪಂಜಾಗುತ್ತದೆ. ಸ್ಪಂಜಿನ ಮೂಲಕ ಉಗಿ ಸಾವಿರ ಸಣ್ಣ ದಾರಿಗಳಲ್ಲಿ ಸದ್ದಿಲ್ಲದೆ ಹೊರಹೋಗುತ್ತದೆ, ಯಾವುದನ್ನೂ ಸೀಳುವ ಅಗತ್ಯ ಅದಕ್ಕಿಲ್ಲ.

ಹಾಗಾದರೆ ಓವನ್ನಿನೊಳಗೆ ನಡೆಯುವುದು ಒಂದು ಪಂದ್ಯ. ಹೊದಿಕೆ 80 ಡಿಗ್ರಿ ಮುಟ್ಟಿ ಸ್ಪಂಜಾಗುವುದು ಮೊದಲೋ, ಹೂರಣ 60ಕ್ಕೆ ಕರಗಿ 98ಕ್ಕೆ ಕುದಿಯುವುದು ಮೊದಲೋ? ಹೊದಿಕೆ ಮೊದಲು ಗೆದ್ದರೆ ಬಿಸ್ಕೀಟು ಉಳಿಯಿತು. ಖೀಮಾ ಒಣಗಿಸುವುದು, ಆರಿಸುವುದು, ಚೀಜ್ ಹೆಪ್ಪುಗಟ್ಟಿಸುವುದು, ಓವನ್ನನ್ನು ಮೊದಲೇ ಚೆನ್ನಾಗಿ ಕಾಯಿಸಿಡುವುದು, ಇವೆಲ್ಲ ಈ ಪಂದ್ಯದಲ್ಲಿ ಹೊದಿಕೆಗೆ ಮುಂದೋಟ ಕೊಡುವ ಉಪಾಯಗಳು. ಬಿಸಿ ಖೀಮಾ ತುಂಬಿದರೆ ಹೂರಣವೇ ಮುಂದೆ ನಿಂತು ಓಟ ಶುರುಮಾಡಿದಂತೆ. ಮೇಲಾಗಿ ಹೊದಿಕೆಯ ಬೆಣ್ಣೆಯೂ ಒಳಗಿನಿಂದಲೇ ಕರಗುತ್ತದೆ.

ಓವನ್ ಇಲ್ಲದ ಮನೆಯಲ್ಲಿ ದಪ್ಪ ತಳದ ಪಾತ್ರೆಗೆ ಉಪ್ಪು ಹರಡಿ, ಅದರ ಮೇಲೆ ಅಡ್ಡಣಿಗೆ, ಅದರ ಮೇಲೆ ತಟ್ಟೆ ಇಟ್ಟು ಮುಚ್ಚಿ ಬೇಯಿಸಬಹುದು. ಉಪ್ಪು ಕಾಯಲು ಹತ್ತು ಹದಿನೈದು ನಿಮಿಷ ಬಿಡುವುದನ್ನು ಮಾತ್ರ ಮರೆಯಬಾರದು.

ಎರಡನೆಯ ಸಲ ಮಾಡಿದಾಗ ಕಾಲು ಕಿಲೋ ಮೈದಾ, 60 ಗ್ರಾಂ ತಣ್ಣನೆ ಬೆಣ್ಣೆ, ಅರ್ಧ ಚಮಚ ಸೋಡಾ, ಉಪ್ಪು, ಹಿಟ್ಟು ಕೂಡುವಷ್ಟು ಹುಳಿ ಮಜ್ಜಿಗೆ ತೆಗೆದುಕೊಂಡೆ. ಹಿಂದಿನ ರಾತ್ರಿಯೇ ಹುರಿದು ಆರಿಸಿದ ಖೀಮಾ, ನಡುವೆ ಹೆಪ್ಪುಗಟ್ಟಿದ ಚೀಜಿನ ಹೋಳು. ಅಂಚಿಗೆ ನೀರು ಹಚ್ಚಿ ಒತ್ತುವುದನ್ನು ದೊಡ್ಡವ್ವ ತಾನೇ ವಹಿಸಿಕೊಂಡಳು. ಕಡಬಿಗೆ ಮುರಿಗೆ ಹೆಣೆಯುವ ಹಾಗೆ ಹಿಟ್ಟನ್ನು ಒಂದರ ಮೇಲೊಂದು ತಿರುವಿ, ಬೆಸುಗೆಯ ಕಡೆಯನ್ನು ತಟ್ಟೆಗೆ ತಾಗಿಸಿ ಮಗುಚಿಟ್ಟಳು. ನಾನು ನೆತ್ತಿಯ ಮೇಲೆ ಮುಳ್ಳುಚಮಚದಿಂದ ಒಮ್ಮೆ ಚುಚ್ಚಿ, ಹಾಲು ಸವರಿದೆ. ಓವನ್ 200 ಡಿಗ್ರಿಗೆ ಕಾದಿತ್ತು.

ಒಂಬತ್ತನೆಯ ನಿಮಿಷಕ್ಕೆ ಎಂಟೂ ಎದ್ದು ನಿಂತಿದ್ದವು. ಹನ್ನೆರಡನೆಯ ನಿಮಿಷಕ್ಕೆ ಚುಚ್ಚಿದ ತೂತುಗಳಿಂದ ಗಾಜಿನಾಚೆ ಸಣ್ಣ ಉಗಿ ಕಾಣಿಸಿತು, ಎಲ್ಲೂ ಬಿರುಕಿಲ್ಲ. ಹದಿನೆಂಟಕ್ಕೆ ತೆಗೆದು ಹತ್ತು ನಿಮಿಷ ಆರಲು ಬಿಟ್ಟು ಒಂದನ್ನು ಮುರಿದೆವು. ತಳ ಒಣಗಿ ಕೆಂಪಗಿತ್ತು, ಪದರು ಬಿಟ್ಟಿತ್ತು, ನಡುವೆ ಚೀಜ್ ಹಳದಿಯಾಗಿಯೇ ಉಳಿದು ಖೀಮಾವನ್ನು ಕಟ್ಟಿ ಹಿಡಿದಿತ್ತು. ದೊಡ್ಡವ್ವ ತಟ್ಟೆಯನ್ನು ಓರೆಮಾಡಿ ಅಡಿಯ ತಗಡನ್ನು ನೋಡಿದಳು. ಎಲ್ಲೂ ಒಂದು ಕಪ್ಪು ಚುಕ್ಕೆ ಇರಲಿಲ್ಲ.